ಪಾಠ ಎಲ್ಲಿರುತ್ತದೆ: ಜಟಿಂಗ ರಾಮೇಶ್ವರದ ಬಂಡೆ ಮತ್ತು ಇ-ಪುಸ್ತಕದ ಕಡತ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಒಂದಕ್ಕೊಂದು ಕೆಲವೇ ಕಿಲೋಮೀಟರುಗಳ ಅಂತರದಲ್ಲಿರುವ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಎಂಬ ಮೂರು ಎಡೆಗಳ ಬಂಡೆಗಳ ಮೇಲೆ, ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ, ಮೌರ್ಯ ಚಕ್ರವರ್ತಿ ಅಶೋಕನ ಒಂದೇ ಧರ್ಮಲಿಪಿಯನ್ನು ಪ್ರಾಕೃತ ಭಾಷೆಯಲ್ಲಿ, ಬ್ರಾಹ್ಮೀ ಅಕ್ಷರಗಳಲ್ಲಿ ಕೊರೆಯಲಾಗಿದೆ. ಬಿ. ಎಲ್. ರೈಸ್ ಅವರು ೧೮೯೨ರಲ್ಲಿ ಈ ಮೂರನ್ನೂ ಬೆಳಕಿಗೆ ತಂದಾಗ ಮೂರರ ಪಾಠವೂ ಬಹುಮಟ್ಟಿಗೆ ಒಂದೇ ಎಂಬುದು ಗೊತ್ತಾಯಿತು. ಆದರೆ ಬಂಡೆಗಳ ಅಗಲ, ಇಳಿಜಾರು, ಮೈಯ ನಯ ಬೇರೆಬೇರೆಯಾದ್ದರಿಂದ ಸಾಲುಗಳು ಮೂರು ಕಡೆ ಮೂರು ಬಗೆಯಲ್ಲಿ ಮುರಿದಿವೆ, ಉಳಿದುಬಂದ ಅಕ್ಷರಗಳ ಪ್ರಮಾಣವೂ ಬೇರೆಬೇರೆಯಾಗಿದೆ. ಮೂರರಲ್ಲಿ ಹೆಚ್ಚು ಸವೆದಿರುವುದು ಜಟಿಂಗ ರಾಮೇಶ್ವರದ ಪ್ರತಿ. ಜಾತ್ರೆಯ ದಿನಗಳಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದುದರಿಂದ ಆ ಬಂಡೆಗೆ ಬಳೆಗಾರರ ಗುಂಡು ಎಂಬ ಹೆಸರೇ ಬಿದ್ದಿತ್ತು. ಹೀಗೆ ಒಂದೇ ಒಕ್ಕಣೆ ಮೂರು ಮೈಗಳಲ್ಲಿ ಮೂರು ಬಗೆಯಾಗಿ ತೋರುವಾಗ ಶಾಸನ ಒಂದೇ ಅಥವಾ ಮೂರೇ, ಒಂದೇ ಆಗಿದ್ದರೆ ಆ ಒಂದು ಇರುವುದು ಎಲ್ಲಿ ಎಂಬ ಪ್ರಶ್ನೆ ಏಳುತ್ತದೆ. ಭಾರತೀಯ ದರ್ಶನಗಳು ಶಬ್ದದ ವಿಷಯದಲ್ಲಿ ಸಾವಿರಾರು ವರ್ಷ ಚರ್ಚಿಸಿದ ಈ ಪ್ರಶ್ನೆಯನ್ನು ಇಂದು ಅತ್ಯಂತ ತೀಕ್ಷ್ಣವಾಗಿ ಎಬ್ಬಿಸುತ್ತಿರುವುದು, ಒಂದೇ ಗ್ರಂಥವನ್ನು ಹಲವು ಬಗೆಯ ಕಡತಗಳಿಂದ ಹಲವು ಬಗೆಯಾಗಿ ತೆರೆದು ತೋರಿಸುವ ಇ-ರೀಡರ್ ಎಂಬ ಓದುಸಾಧನ.

ಇ-ರೀಡರಿನ ಪರದೆಯ ಮೇಲೆ ಮೂಡುವ ಪುಟ ಅದೇ ರೂಪದಲ್ಲಿ ಕಡತದೊಳಗೆ ಇದ್ದೇ ಇರುತ್ತದೆ ಎನ್ನುವಂತಿಲ್ಲ ಎಂಬುದನ್ನು ಮೊದಲು ತಿಳಿಯಬೇಕು. ಇಂದು ಹೆಚ್ಚು ಬಳಕೆಯಲ್ಲಿರುವ ಇಪಬ್ ಎಂಬ ಕಡತರೂಪ ೧೯೯೯ರ ‘ಓಪನ್ ಇಬುಕ್’ ಎಂಬ ಮಾದರಿಯಿಂದ ಬೆಳೆದು, ೨೦೦೭ರಲ್ಲಿ ಈ ಹೆಸರು ಪಡೆದು, ೨೦೧೧ರಲ್ಲಿ ಮೂರನೆಯ ಆವೃತ್ತಿಗೆ ಬಂದದ್ದು. ಹೊರಗಿನಿಂದ ಒಂದೇ ಕಡತವಾಗಿ ಕಂಡರೂ ಅದು ಒಳಗೆ ಜಿಪ್ ಮಾಡಿ ಒತ್ತಿಟ್ಟ ಹಲವು ಕಡತಗಳ ಕಟ್ಟು: ಅಧ್ಯಾಯಗಳ ಪಠ್ಯ ಜಾಲಪುಟದ ಭಾಷೆಯಲ್ಲಿರುತ್ತದೆ, ಅಕ್ಷರದ ಗಾತ್ರ, ಅಂಚು, ಸಾಲಂತರ ಮೊದಲಾದವನ್ನು ಹೇಳುವ ಶೈಲಿಸೂಚನೆಗಳು ಬೇರೆಯಾಗಿರುತ್ತವೆ, ಯಾವ ಅಧ್ಯಾಯದ ನಂತರ ಯಾವುದು ಎಂಬ ಅನುಕ್ರಮವನ್ನು ಗ್ರಂಥದ ಬೆನ್ನೆಲುಬು ಎಂದು ಕರೆಯಲಾಗುವ ಇನ್ನೊಂದು ಪಟ್ಟಿ ಹೇಳುತ್ತದೆ. ಸಾಮಾನ್ಯ ಇಪಬ್‌ನಲ್ಲಿ ಸ್ಥಿರವಾದ ಪುಟ ಎಂಬುದು ಎಲ್ಲಿಯೂ ಇರುವುದಿಲ್ಲ. ಓದುಗ ಪುಸ್ತಕವನ್ನು ತೆರೆದ ಗಳಿಗೆಯಲ್ಲಿ, ಸಾಧನದೊಳಗಿನ ತಂತ್ರಾಂಶ ಪರದೆಯ ಅಗಲವನ್ನೂ ಓದುಗ ಆರಿಸಿದ ಅಕ್ಷರಗಾತ್ರವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಸಾಲುಗಳನ್ನು ಮುರಿಯುತ್ತದೆ, ಪುಟಗಳನ್ನು ಕಟ್ಟುತ್ತದೆ. ಗಾತ್ರ ಬದಲಿಸಿದರೆ ಮತ್ತೆ ಮೊದಲಿನಿಂದ ಕಟ್ಟುತ್ತದೆ. ಈ ಕೆಲಸವನ್ನು ಮಾಡುವ ತಂತ್ರಾಂಶವನ್ನು ಎಂಜಿನ್ ಎನ್ನುತ್ತಾರೆ, ಮತ್ತು ಎಂಜಿನ್ ಬದಲಾದರೆ ಫಲವೂ ಬದಲಾಗುತ್ತದೆ. ಕೋಬೋ ಎಂಬ ಓದುಸಾಧನದಲ್ಲಿ ಸಾಮಾನ್ಯ ಇಪಬ್ ಕಡತವನ್ನೂ ಅದೇ ಸಂಸ್ಥೆಯ ಕೆಪಬ್ ಎಂಬ ರೂಪಾಂತರವನ್ನೂ ಎರಡು ಬೇರೆ ಎಂಜಿನ್‌ಗಳು ಬಿಡಿಸುವುದರಿಂದ, ಒಂದೇ ಸಾಧನದಲ್ಲಿ ಒಂದೇ ಪುಸ್ತಕ ಎರಡು ಬಗೆಯಾಗಿ ಕಾಣಬಹುದು. ಅಮೆಜಾನಿನ ಕಿಂಡಲ್ ಇಪಬ್ ಕಡತವನ್ನು ನೇರವಾಗಿ ತೆರೆಯುವುದಿಲ್ಲ. ೨೦೨೨ರಿಂದ ಓದುಗರು ಇಪಬ್ ಕಡತವನ್ನು ಕಳುಹಿಸಬಹುದಾದರೂ ಅದು ನಡುದಾರಿಯಲ್ಲಿ ಆ ಸಂಸ್ಥೆಯ ಸ್ವಂತ ಕಡತರೂಪಕ್ಕೆ ಪರಿವರ್ತನೆಯಾಗಿಯೇ ಸಾಧನವನ್ನು ಸೇರುತ್ತದೆ. ಮೋಬಿ ಎಂಬ ಹಳೆಯ ರೂಪ, ಅದರ ಬೆನ್ನಿಗೆ ಬಂದ ಇತರ ಕಿಂಡಲ್ ರೂಪಗಳು ಇವೆಲ್ಲ ಇದೇ ವಂಶಾವಳಿಗೆ ಸೇರಿದವು.

ಪಿಡಿಎಫ್‌ನ ಸ್ವಭಾವ ಇದಕ್ಕೆ ತದ್ವಿರುದ್ಧ. ೧೯೯೩ರಲ್ಲಿ ಅಡೋಬಿ ಸಂಸ್ಥೆ ಹೊರತಂದ, ೨೦೦೮ರಲ್ಲಿ ಅಂತರರಾಷ್ಟ್ರೀಯ ಮಾನಕವಾಗಿ ಅಂಗೀಕೃತವಾದ ಈ ರೂಪದಲ್ಲಿ ಪುಟವೇ ಮೂಲಘಟಕ: ಯಾವ ಅಕ್ಷರಾಕೃತಿ ಪುಟದ ಯಾವ ಬಿಂದುವಿನಲ್ಲಿ ಕೂಡಬೇಕೆಂಬುದನ್ನು ಕಡತ ಮೊದಲೇ ನಿಗದಿಮಾಡಿರುತ್ತದೆ, ಮತ್ತು ಸಾಧನ ಯಾವುದೇ ಆಗಿರಲಿ, ಪುಟ ಎಲ್ಲೆಡೆ ಒಂದೇ ಬಗೆಯಾಗಿ ಮೂಡುತ್ತದೆ. ಶಾಸನಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಪಿಡಿಎಫ್ ಶಾಸನದ ಪಡಿಯಚ್ಚಿಗೆ ಹತ್ತಿರವಾದದ್ದು. ಇಪಬ್ ಶಾಸನದ ಓದಿಗೆ, ಅಂದರೆ ಅಕ್ಷರಗಳನ್ನು ಗುರುತಿಸಿ ಬರೆದುಕೊಂಡ ಪಾಠಕ್ಕೆ ಹತ್ತಿರವಾದದ್ದು. ಪಡಿಯಚ್ಚು ಬಂಡೆಯ ಬಿರುಕನ್ನೂ ಬಿಡುವುದಿಲ್ಲ, ಆದರೆ ತಾನು ಏನನ್ನು ಹೇಳುತ್ತಿದೆ ಎಂಬುದು ಅದಕ್ಕೆ ತಿಳಿದಿರಬೇಕಾದ್ದಿಲ್ಲ. ಓದಿನಲ್ಲಿ ಬಿರುಕು ಉಳಿಯುವುದಿಲ್ಲ, ಮಾತು ಮಾತ್ರ ಉಳಿಯುತ್ತದೆ.

ಪಿಡಿಎಫ್ ಎಲ್ಲೆಡೆ ಒಂದೇ ಬಗೆಯಾಗಿ ಕಾಣುವುದರಿಂದ ಗ್ರಂಥದ ಏಕತೆಯನ್ನು ಅದೇ ಹೆಚ್ಚು ಕಾಪಾಡುತ್ತದೆ ಎಂದು ಭಾವಿಸುವುದು ಸಹಜ. ಆದರೆ ಕನ್ನಡದ ಅನುಭವ ಈ ಭಾವನೆಯನ್ನು ಮುರಿಯುತ್ತದೆ. ಯೂನಿಕೋಡ್ ಎಂಬ ಜಾಗತಿಕ ಸಂಕೇತಪದ್ಧತಿ ಮುದ್ರಣಲೋಕದಲ್ಲಿ ನೆಲೆಗೊಳ್ಳುವ ಮುನ್ನ, ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ, ರೋಮನ್ ಅಕ್ಷರಗಳಿಗೆ ಮೀಸಲಾದ ಸಂಕೇತಸ್ಥಾನಗಳಲ್ಲೇ ಕನ್ನಡದ ಆಕೃತಿಗಳನ್ನು ಕೂಡಿಸಲಾಗುತ್ತಿತ್ತು. ಅಂದಿನ ಸೀಮಿತ ಯಂತ್ರಗಳಲ್ಲಿ ಕನ್ನಡದ ಬರವಣಿಗೆ ನಡೆದುಕೊಂಡು ಬಂದದ್ದೇ ಆ ಉಪಾಯದಿಂದ, ಅದಕ್ಕಾಗಿ ದುಡಿದವರಿಗೆ ಕನ್ನಡ ಋಣಿಯಾಗಿದೆ. ಆದರೆ ಆ ಬಗೆಯಲ್ಲಿ ಸಿದ್ಧವಾದ ಪುಸ್ತಕದ ಪಿಡಿಎಫ್ ಕಣ್ಣಿಗೆ ಅಚ್ಚುಕಟ್ಟಾಗಿ ಕಂಡರೂ, ಅದರಲ್ಲಿ ಒಂದು ಪದವನ್ನು ಹುಡುಕಿದರೆ ಸಿಗುವುದಿಲ್ಲ, ಒಂದು ಸಾಲನ್ನು ನಕಲಿಸಿ ಬೇರೆಡೆ ಇಳಿಸಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಬೀಳುತ್ತದೆ, ದೃಷ್ಟಿಹೀನರಿಗಾಗಿ ಗಟ್ಟಿಯಾಗಿ ಓದಿಹೇಳುವ ತಂತ್ರಾಂಶ ಅದರ ಮುಂದೆ ಮೂಕವಾಗುತ್ತದೆ. ಅಂಥ ಕಡತದಲ್ಲಿ ಕನ್ನಡದ ರೂಪವಿದೆ, ಕನ್ನಡ ಇಲ್ಲ.

ಇದರ ಎದುರುದೋಷ ಇಪಬ್‌ನಲ್ಲಿ ಕಾಣುತ್ತದೆ. ಯೂನಿಕೋಡ್‌ನಲ್ಲಿ ‘ಧರ್ಮ’ ಎಂಬ ಪದ ಧ, ರ, ಸ್ವರವನ್ನು ತೆಗೆಯುವ ವಿರಾಮಚಿಹ್ನೆ, ಮ ಎಂಬ ನಾಲ್ಕು ಸಂಕೇತಗಳಾಗಿ, ಉಚ್ಚಾರಣೆಯ ಕ್ರಮದಲ್ಲಿ ದಾಖಲಾಗಿರುತ್ತದೆ. ಆದರೆ ಕನ್ನಡದ ಬರವಣಿಗೆಯಲ್ಲಿ ಮೊದಲು ಉಚ್ಚರಿಸುವ ರಕಾರ ಅರ್ಕಾವೊತ್ತಾಗಿ ಮಕಾರದ ನಂತರಕ್ಕೆ ಸರಿಯುತ್ತದೆ. ಕಡತದ ಕ್ರಮವನ್ನು ಕಣ್ಣಿನ ಕ್ರಮಕ್ಕೆ ತಿರುಗಿಸುವ ಈ ಕೆಲಸವನ್ನು, ಒತ್ತಕ್ಷರಗಳನ್ನು ಕೆಳಗಿಳಿಸಿ ಕೂಡಿಸುವ ಕೆಲಸವನ್ನು, ಎಂಜಿನ್ನಿನೊಳಗೆ ಅಕ್ಷರಜೋಡಣೆಗೆಂದೇ ಇರುವ ಒಂದು ಭಾಗ ಮಾಡಬೇಕು. ಆ ಭಾಗ ಇಲ್ಲದ, ಅಥವಾ ಇದ್ದರೂ ಕನ್ನಡವನ್ನು ತಿಳಿಯದ ಸಾಧನದಲ್ಲಿ ಪದ ಒಡೆದುಹೋಗುತ್ತದೆ: ವಿರಾಮಚಿಹ್ನೆ ಬಯಲಿಗೆ ಬರುತ್ತದೆ, ಒತ್ತಕ್ಷರ ಪಕ್ಕಕ್ಕೆ ಬೀಳುತ್ತದೆ, ಫಾಂಟ್ ಇಲ್ಲವೇ ಇಲ್ಲವಾದರೆ ಅಕ್ಷರಕ್ಕೊಂದರಂತೆ ಖಾಲಿ ಚೌಕಗಳು ಸಾಲುಗಟ್ಟುತ್ತವೆ. ಹೀಗೆ ಒಡೆದ ಪರದೆಯ ಹಿಂದೆ ಕಡತದಲ್ಲಿ ಪಾಠ ಅಕ್ಷರಶಃ ಶುದ್ಧವಾಗಿಯೇ ಇರುತ್ತದೆ. ಒಂದೆಡೆ ಕಾಣುವುದು ಶುದ್ಧ, ಇರುವುದು ಶೂನ್ಯ. ಇನ್ನೊಂದೆಡೆ ಇರುವುದು ಶುದ್ಧ, ಕಾಣುವುದು ಭಗ್ನ. ಪಾಠವೆಂದರೆ ಕಾಣುವ ರೂಪವೇ ಎನ್ನುವವರನ್ನು ಮೊದಲನೆಯ ಉದಾಹರಣೆ ಸೋಲಿಸುತ್ತದೆ, ಪಾಠವೆಂದರೆ ಕಡತದಲ್ಲಿ ಅಡಗಿದ ಸಂಕೇತಗಳೇ ಎನ್ನುವವರನ್ನು ಎರಡನೆಯದು ಸುಮ್ಮನಿರಲು ಬಿಡುವುದಿಲ್ಲ, ಏಕೆಂದರೆ ಯಾರೂ ಓದಲಾಗದ ಶುದ್ಧಪಾಠದಿಂದ ಯಾರಿಗೂ ಧರ್ಮಬೋಧೆಯಾಗುವುದಿಲ್ಲ.

ಈ ಇಕ್ಕಟ್ಟನ್ನು ಭಾರತೀಯ ಶಬ್ದಚಿಂತನೆ ಬಹುಕಾಲದ ಹಿಂದೆಯೇ ಎದುರಿಸಿತ್ತು. ಮೀಮಾಂಸಕರ ಮತದಲ್ಲಿ ವರ್ಣಗಳು, ಅಂದರೆ ಅಕ್ಷರಧ್ವನಿಗಳ ಮೂಲರೂಪಗಳು, ನಿತ್ಯವಾದವು. ಉಚ್ಚಾರಣೆ ಅವುಗಳನ್ನು ಹುಟ್ಟಿಸುವುದಿಲ್ಲ, ಮರೆಯಲ್ಲಿದ್ದವನ್ನು ಬೆಳಕಿಗೆ ತರುತ್ತದೆ ಅಷ್ಟೆ. ನಿನ್ನೆ ಕೇಳಿದ ಗಕಾರವೇ ಇಂದಿನದೂ ಎಂಬ ಗುರುತಿಸುವಿಕೆಯನ್ನು, ಶಾಸ್ತ್ರದಲ್ಲಿ ಪ್ರತ್ಯಭಿಜ್ಞೆ ಎನ್ನುವುದನ್ನು, ಅವರು ಇದಕ್ಕೆ ಪ್ರಮಾಣವಾಗಿ ಕೊಡುತ್ತಾರೆ. ನೈಯಾಯಿಕರು ಒಪ್ಪುವುದಿಲ್ಲ: ಪ್ರಯತ್ನದಿಂದ ಹುಟ್ಟುವ ಶಬ್ದ ಹುಟ್ಟಿದಂತೆಯೇ ಅಳಿಯುತ್ತದೆ, ಇಂದಿನ ಗಕಾರ ನಿನ್ನೆಯದಲ್ಲ, ಎರಡೂ ಒಂದೇ ಜಾತಿಗೆ ಸೇರಿದವು ಎಂಬ ಕಾರಣಕ್ಕೆ ‘ಅದೇ ಇದು’ ಎಂಬ ಅರಿವು ಉಂಟಾಗುತ್ತದೆ ಎಂಬುದು ಅವರ ವಾದ. ಯೂನಿಕೋಡ್ ಈ ಎರಡನೆಯ ದಾರಿಯನ್ನು ನೆನಪಿಸುತ್ತದೆ. ‘ಲೋಕ’ ಎಂಬ ಪದದಲ್ಲಿರುವ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ದಾಖಲಿಸಬಹುದು, ಮೂರು ಬಿಡಿಚಿಹ್ನೆಗಳ ಸಂಕೇತಗಳನ್ನು ಒಂದರ ಮುಂದೆ ಒಂದಿಟ್ಟೂ ದಾಖಲಿಸಬಹುದು. ಕಡತದೊಳಗಿನ ಅಂಕಿಗಳು ಬೇರೆಯಾದರೂ ಎರಡೂ ಸಮಾನ ಎಂದು ಆ ಮಾನಕವೇ ವಿಧಿಸಿದೆ. ಯಂತ್ರದ ಮಟ್ಟದಲ್ಲೂ ಏಕತೆ ಎಂಬುದು ವಸ್ತುವಿನಲ್ಲಿ ತಾನೇ ಸಿದ್ಧವಾಗಿ ಕೂತಿರುವುದಿಲ್ಲ, ಗುರುತಿಸುವ ನಿಯಮವೊಂದು ಇದ್ದಾಗ ಮಾತ್ರ ಏರ್ಪಡುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಪ್ರಸ್ತುತ ಪ್ರಶ್ನೆಗೆ ಎಲ್ಲಕ್ಕಿಂತ ಹೆಚ್ಚು ನೆರವಾಗುವುದು ವಾಕ್ಯಪದೀಯದ ಕರ್ತೃ ಭರ್ತೃಹರಿಯ ವಿವೇಚನೆ. ಅವನ ಮತದಲ್ಲಿ ಅರ್ಥವನ್ನು ತಿಳಿಸುವ ಶಬ್ದತತ್ತ್ವ ಅಖಂಡವಾದದ್ದು. ಅದನ್ನು ಸ್ಫೋಟ ಎನ್ನುತ್ತಾರೆ. ಅದನ್ನು ಪ್ರಕಟಿಸುವ ಧ್ವನಿಯಲ್ಲಿ ಎರಡು ಬಗೆ. ಯಾವುದಿಲ್ಲದೆ ಶಬ್ದದ ಸ್ವರೂಪವೇ ತಿಳಿಯದೋ ಅದು ಪ್ರಾಕೃತ ಧ್ವನಿ. ಸ್ವರೂಪ ತಿಳಿದಾದ ಮೇಲೆ ಉಚ್ಚಾರಣೆ ವೇಗವೋ ಮಂದವೋ ಎಂಬಂಥ ವ್ಯತ್ಯಾಸಗಳನ್ನಷ್ಟೇ ಉಂಟುಮಾಡುವುದು ವೈಕೃತ ಧ್ವನಿ. ಒಬ್ಬ ಒಂದು ವಾಕ್ಯವನ್ನು ಅವಸರದಿಂದ ಹೇಳಿದರೂ ಇನ್ನೊಬ್ಬ ನಿಧಾನವಾಗಿ ಹೇಳಿದರೂ ವಾಕ್ಯ ಒಂದೇ, ಏಕೆಂದರೆ ಭೇದ ವೈಕೃತದಲ್ಲಿದೆ, ಪ್ರಾಕೃತದಲ್ಲಿಲ್ಲ. ಇ-ರೀಡರಿನಲ್ಲಿ ಅಕ್ಷರದ ಗಾತ್ರ, ಅಂಚಿನ ಅಗಲ, ಹಿನ್ನೆಲೆಯ ಬಣ್ಣ, ಸಾಲು ಮುರಿಯುವ ಎಡೆ, ಪುಟಗಳ ಸಂಖ್ಯೆ ಇವೆಲ್ಲ ವೈಕೃತಕ್ಕೆ ಸೇರಿದವು ಎಂದು ಒಪ್ಪಬಹುದು; ಅವುಗಳ ಮೇಲೆ ಓದುಗನಿಗೆ ಸ್ವಾತಂತ್ರ್ಯವನ್ನು ಬಿಟ್ಟುಕೊಟ್ಟ ಇಪಬ್ ಗ್ರಂಥದ ಘನತೆಯನ್ನು ಕಡಿಮೆ ಮಾಡಲಿಲ್ಲ, ಕಣ್ಣು ಮಂಜಾದ ವೃದ್ಧರಿಗೂ ಶಾಸ್ತ್ರಪಾರಾಯಣ ಮುಂದುವರಿಸುವ ಅವಕಾಶ ಕೊಟ್ಟಿತು.

ಆದರೆ ಪ್ರಾಕೃತ ಮತ್ತು ವೈಕೃತಗಳ ನಡುವಿನ ಗಡಿಯನ್ನು ಎಲ್ಲಿ ಎಳೆಯಬೇಕು ಎಂಬುದು ಯಂತ್ರ ತಾನಾಗಿ ನಿರ್ಧರಿಸಬಲ್ಲ ವಿಷಯವಲ್ಲ, ಮತ್ತು ಕನ್ನಡದ ಇ-ಪುಸ್ತಕಗಳಲ್ಲಿ ಕಾಣುವ ಬಹುಪಾಲು ದೋಷಗಳು ಈ ಗಡಿ ತಪ್ಪಿ ಬಿದ್ದುದರಿಂದಲೇ ಹುಟ್ಟಿದವು. ಇಂಗ್ಲಿಷಿನಲ್ಲಿ ಎರಡು ಅಕ್ಷರಗಳನ್ನು ಬೆಸೆದು ಮುದ್ರಿಸುವುದು ಹೆಚ್ಚಾಗಿ ಅಂದಕ್ಕೆ ಸಂಬಂಧಿಸಿದ್ದು. ಬೆಸುಗೆಯನ್ನು ಬಿಡಿಸಿದರೂ ಪದ ಕೆಡುವುದಿಲ್ಲ. ಆ ಲಿಪಿಯನ್ನೇ ಮಾದರಿಯಾಗಿಟ್ಟುಕೊಂಡು ಬೆಳೆದ ತಂತ್ರಾಂಶಗಳು ಅಕ್ಷರಗಳ ಬೆಸುಗೆಯನ್ನು ಬೇಕಾದರೆ ಇಡುವ, ಬೇಡವಾದರೆ ಬಿಡುವ ಅಲಂಕಾರವೆಂದು ಎಣಿಸಿದವು. ಕನ್ನಡದಲ್ಲಿ ಒತ್ತಕ್ಷರ ಅಲಂಕಾರವಲ್ಲ, ಅದು ಅಕ್ಷರದ ಸ್ವರೂಪ. ಅಧ್ಯಾಯದ ಮೊದಲ ಅಕ್ಷರವನ್ನು ದೊಡ್ಡದಾಗಿ ತೋರಿಸುವ ಸೂಚನೆ ‘ಸ್ವರ್ಗ’ ಎಂಬ ಪದದ ಮುಂದೆ ಬಂದಾಗ ಕನ್ನಡ ತಿಳಿಯದ ಎಂಜಿನ್ ಸಕಾರವೊಂದನ್ನೇ ಕಿತ್ತು ಹಿಗ್ಗಿಸಬಹುದು. ಅಕ್ಷರಗಳ ನಡುವೆ ಅಂತರ ಹೆಚ್ಚಿಸುವ ಸೂಚನೆ ಒತ್ತನ್ನು ಅದರ ಅಕ್ಷರದಿಂದ ದೂರ ತಳ್ಳಬಹುದು. ಕನ್ನಡದ ದೀರ್ಘ ಸಮಾಸಪದಗಳನ್ನು ಎಲ್ಲಿ ಕಡಿಯಬಹುದೆಂಬ ನಿಯಮ ಗೊತ್ತಿಲ್ಲದ ಎಂಜಿನ್, ಎರಡೂ ಅಂಚನ್ನು ಸಮವಾಗಿಸಲು ಹೋಗಿ ಪದಗಳ ನಡುವೆ ದೊಡ್ಡ ಕಂದರಗಳನ್ನು ಬಿಡುತ್ತದೆ. ಜಟಿಂಗ ರಾಮೇಶ್ವರದ ಬಂಡೆಯಲ್ಲಿ, ಮುಂದಿನ ಶತಮಾನಗಳ ಕನ್ನಡ ಶಾಸನಗಳಲ್ಲಿ, ತಾಳೆಗರಿಗಳಲ್ಲಿ ಸಾಲು ಮುಗಿದರೆ ಪದದ ನಡುವೆಯೇ ಮುರಿದು ಮುಂದಿನ ಸಾಲಿಗೆ ಹೋಗುವುದು ಸಾಮಾನ್ಯ ರೂಢಿ. ಅಕ್ಷರವನ್ನು ಮಾತ್ರ ನಡುವೆ ಸೀಳುತ್ತಿರಲಿಲ್ಲ. ಪದ ಮುರಿಯಬಹುದು, ಅಕ್ಷರ ಮುರಿಯಬಾರದು ಎಂಬ ಗಡಿ ಅಷ್ಟು ಹಿಂದೆಯೇ ನೆಲೆಗೊಂಡಿತ್ತು. ೨೦೧೬ರ ಡಿಸೆಂಬರಿನಲ್ಲಿ ಕಿಂಡಲ್‌ನಲ್ಲಿ ಐದು ಭಾರತೀಯ ಭಾಷೆಗಳ ಪುಸ್ತಕ ಮಾರಾಟ ಆರಂಭವಾದಾಗ ಕನ್ನಡ ಆ ಪಟ್ಟಿಯಲ್ಲಿ ಇಲ್ಲದಿದ್ದುದು ಕನ್ನಡ ಓದುಗರನ್ನು ನೋಯಿಸಿತ್ತು. ಆದರೆ ಪಟ್ಟಿಯಲ್ಲಿ ಸ್ಥಾನ ಸಿಕ್ಕಿದ ಮಾತ್ರಕ್ಕೆ ಈ ಗಡಿಯ ಅರಿವು ಎಂಜಿನ್‌ಗಳಿಗೆ ಬಂದೀತು ಎನ್ನುವಂತಿಲ್ಲ.

ಸಾಲಿನ ಮುರಿತ ವೈಕೃತವೆಂದು ಮೇಲೆ ಹೇಳಿದ ಮಾತು ಕಾವ್ಯದ ವಿಷಯದಲ್ಲೂ ನಿಲ್ಲುತ್ತದೆಯೇ ಎಂಬ ಆಕ್ಷೇಪಕ್ಕೆ ಕನ್ನಡ ಕಾವ್ಯಪರಂಪರೆ ಕೊಡುವ ಉತ್ತರ ಅಪೂರ್ವವಾದದ್ದು. ತಾಳೆಗರಿಯ ಮೇಲೆ ಕಂದ, ವೃತ್ತ, ಷಟ್ಪದಿಗಳನ್ನು ಇಂದಿನ ಅಚ್ಚಿನ ಪುಸ್ತಕಗಳಂತೆ ಪಾದಪಾದವಾಗಿ ಬಿಡಿಸಿ ಬರೆಯುತ್ತಿರಲಿಲ್ಲ. ಗರಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಪದ್ಯ ಎಡೆಬಿಡದೆ ಹರಿಯುತ್ತಿತ್ತು. ಆದರೂ ಓದುಗನಿಗೆ ಪಾದ ಎಲ್ಲಿ ತೊಡಗುತ್ತದೆ ಎಂಬುದು ತಪ್ಪುತ್ತಿರಲಿಲ್ಲ, ಏಕೆಂದರೆ ಪ್ರತಿಪಾದದ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕೆಂಬ ಆದಿಪ್ರಾಸದ ನಿಯಮ ಮತ್ತು ಮಾತ್ರೆಗಳ ಲೆಕ್ಕ ಆ ಗುರುತನ್ನು ಪದ್ಯದ ಒಳಗೇ ಇರಿಸಿದ್ದವು. ಪರದೆ ಎಷ್ಟೇ ಕಿರಿದಾಗಲಿ, ಎಂಜಿನ್ ಸಾಲನ್ನು ಎಲ್ಲೇ ಮುರಿಯಲಿ, ಆದಿಪ್ರಾಸವನ್ನು ಬಲ್ಲ ಓದುಗ ಪಾದವನ್ನು ಮರಳಿ ಕಟ್ಟಿಕೊಳ್ಳಬಲ್ಲ. ವಚನಗಳೂ ಹಸ್ತಪ್ರತಿಗಳಲ್ಲಿ ಹರಿದ ಬರಹವಾಗಿಯೇ ಉಳಿದುಬಂದವು. ಇಂದು ಪರಿಚಿತವಾದ, ಕವಿತೆಯಂತೆ ಏರುಪೇರಾದ ಸಾಲುಗಳ ಜೋಡಣೆ ಆಧುನಿಕ ಸಂಪಾದಕರು ಮತ್ತು ಮುದ್ರಣ ಕೊಟ್ಟದ್ದು. ವಚನದ ಎಲ್ಲೆಯನ್ನು ಗುರುತಿಸುವುದು ಸಾಲಲ್ಲ, ಕೊನೆಯಲ್ಲಿ ಬರುವ ಅಂಕಿತ, ಅಂದರೆ ವಚನಕಾರರು ತಮ್ಮ ಇಷ್ಟದೈವವನ್ನು ಕರೆಯುವ ಹೆಸರು. ಪ್ರತಿ ಯಾವುದೇ ಇರಲಿ, ಹೇಳಿದವರು ಯಾರು ಮತ್ತು ಮಾತು ಎಲ್ಲಿಗೆ ಮುಗಿಯಿತು ಎಂಬ ಎರಡನ್ನೂ ಆ ಒಂದು ಪದ ತಿಳಿಸುತ್ತದೆ. ಮಾಧ್ಯಮವನ್ನು ನಂಬಲಾಗದು ಎಂಬ ಅರಿವಿನಿಂದಲೋ ಎಂಬಂತೆ, ತನ್ನನ್ನು ಗುರುತಿಸಲು ಬೇಕಾದ ಚಿಹ್ನೆಗಳನ್ನು ತನ್ನೊಳಗೇ ಹೊತ್ತು ನಡೆಯುವ ಪಾಠಗಳನ್ನು ಈ ಭಾಷೆ ರಚಿಸಿತು. ಪಾಠದ ಏಕತೆ ನಿಲ್ಲುವುದು ಇಲ್ಲಿ: ಮರಳಿ ಗುರುತಿಸಲು ಸಾಧ್ಯವಾಗುವಂತೆ ಕಟ್ಟಿದ ಕ್ರಮದಲ್ಲಿ, ಮತ್ತು ಆ ಕ್ರಮವನ್ನು ಬಲ್ಲ ಸಮುದಾಯದಲ್ಲಿ. ಎರಡರಲ್ಲಿ ಒಂದು ಇಲ್ಲವಾದರೂ ಕಡತ ಉಳಿಯುತ್ತದೆ, ಗ್ರಂಥ ಉಳಿಯುವುದಿಲ್ಲ.

ಜೈನ ಪರಂಪರೆ ಇದೇ ವಿಚಾರವನ್ನು ಬೇರೊಂದು ದಿಕ್ಕಿನಿಂದ ಮುಟ್ಟಿದೆ. ಅಲ್ಲಿ ಶ್ರುತ, ಅಂದರೆ ಶಾಸ್ತ್ರರೂಪದ ಜ್ಞಾನ, ಎರಡು ಬಗೆಯದು: ಅಕ್ಷರ, ಧ್ವನಿ, ಗರಿ ಮೊದಲಾದ ಹೊರಗಿನ ಆಧಾರ ದ್ರವ್ಯಶ್ರುತ, ಅದರಿಂದ ಆತ್ಮದಲ್ಲಿ ಉಂಟಾಗುವ ಅರಿವು ಭಾವಶ್ರುತ. ದ್ರವ್ಯ ಕೇವಲ ನಿಮಿತ್ತವೆಂದು ತಿಳಿದಿದ್ದರೂ ಜೈನರು ಅದನ್ನು ಕಡೆಗಣಿಸಲಿಲ್ಲ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದ ಅತ್ತಿಮಬ್ಬೆಯ ಶಾಸ್ತ್ರದಾನ, ಧವಲಾ ಮೊದಲಾದ ಸಿದ್ಧಾಂತಗ್ರಂಥಗಳ ತಾಳೆಪ್ರತಿಗಳನ್ನು ಶತಮಾನಗಳ ಕಾಲ ಕಾಪಾಡಿದ ಮೂಡಬಿದಿರೆಯ ಬಸದಿ, ಶ್ರುತಪಂಚಮಿಯ ದಿನ ಗ್ರಂಥಗಳಿಗೇ ಸಲ್ಲುವ ಪೂಜೆ ಇವೆಲ್ಲ ಆ ನಿಷ್ಠೆಯ ಸಾಕ್ಷಿಗಳು. ಒಂದು ಇಪಬ್ ಕಡತವನ್ನು ಸಾವಿರ ಜನರಿಗೆ ಕಳುಹಿಸಲು ಇಂದು ಯಾವ ಶ್ರಮವೂ ಬೇಕಿಲ್ಲವಾದ್ದರಿಂದ ಅದಕ್ಕೆ ಶಾಸ್ತ್ರದಾನದ ಫಲವಿಲ್ಲ ಎಂದು ವಾದಿಸಬಹುದಾದರೂ, ಆ ವಾದ ದಾನವನ್ನು ಕೊಟ್ಟವನ ಕಡೆಯಿಂದ ಮಾತ್ರ ನೋಡುತ್ತದೆ. ಪಡೆದವನಲ್ಲಿ ಅರಿವು ಹುಟ್ಟಲು ಯೋಗ್ಯವಾದ ದ್ರವ್ಯವನ್ನು ಕೊಡುವುದು ದಾನಿಯ ಹೊಣೆಯಾಗಿದ್ದರೆ, ಅಕ್ಷರ ಒಡೆಯದಂತೆ, ಹುಡುಕಿದರೆ ಸಿಗುವಂತೆ, ಕಣ್ಣಿಲ್ಲದವರಿಗೆ ಕೇಳಿಸುವಂತೆ ಕಡತವನ್ನು ಸಿದ್ಧಪಡಿಸುವ ಶ್ರಮ ಇಂದಿನ ಶಾಸ್ತ್ರದಾನದ ಶ್ರಮವೇ ಆಗಿದೆ. ಅಂದು ಆ ಶ್ರಮ ಪ್ರತಿಯೊಂದು ಪ್ರತಿಗೂ ಬೇಕಿತ್ತು, ಇಂದು ಮೊದಲ ಪ್ರತಿಗೆ ಬೇಕು.

ಧರ್ಮಬೋಧೆಗೆ ಬಂಡೆಯನ್ನು ಆರಿಸಿಕೊಂಡ ಅಶೋಕನಿಗೆ ಮಾಧ್ಯಮದ ಮಿತಿಗಳು ಗೊತ್ತಿದ್ದವು. ಅವನ ಹದಿನಾಲ್ಕನೆಯ ಬಂಡೆಶಾಸನದ ತಾತ್ಪರ್ಯ ಹೀಗಿದೆ: ಈ ಧರ್ಮಲಿಪಿಗಳು ಕೆಲವೆಡೆ ಸಂಕ್ಷಿಪ್ತವಾಗಿ, ಕೆಲವೆಡೆ ಮಧ್ಯಮವಾಗಿ, ಕೆಲವೆಡೆ ವಿಸ್ತಾರವಾಗಿ ಬರೆಯಲ್ಪಟ್ಟಿವೆ, ಎಲ್ಲವೂ ಎಲ್ಲೆಡೆಗೂ ತಕ್ಕುದಲ್ಲ, ಎಲ್ಲಾದರೂ ಅಪೂರ್ಣವಾಗಿದ್ದರೆ ಅದಕ್ಕೆ ಸ್ಥಳವೋ ಬರೆದವನ ತಪ್ಪೋ ಕಾರಣವಾಗಿರಬಹುದು. ಒಂದೇ ಪಾಠ ಮೈಯಿಂದ ಮೈಗೆ ಬೇರೆಯಾಗಿ ಕಾಣುತ್ತದೆ, ಆ ವ್ಯತ್ಯಾಸವನ್ನು ಮುಚ್ಚಿಡಬಾರದು ಎಂದು ಒಬ್ಬ ಚಕ್ರವರ್ತಿ ಬಂಡೆಯ ಮೇಲೆಯೇ ಒಪ್ಪಿಕೊಂಡದ್ದು ಧರ್ಮದ ಇತಿಹಾಸದಲ್ಲಿ ದೊಡ್ಡ ಸಂಗತಿ. ಕರ್ನಾಟಕದಲ್ಲಿ ಈ ಶಾಸನದ ಪ್ರತಿ ಸಿಕ್ಕಿರುವುದು ಕಲಬುರಗಿ ಸೀಮೆಯ ಸನ್ನತಿಯಲ್ಲಿ. ಅಲ್ಲಿ ಅದನ್ನು ಹೊತ್ತ ಕಲ್ಲನ್ನು ಮುಂದಿನ ಕಾಲದಲ್ಲಿ ದೇವತಾಮೂರ್ತಿಯ ಪೀಠವಾಗಿ ಕೊರೆದು ಬಳಸಿದ್ದರಿಂದ ಅಕ್ಷರಗಳ ನಡುವೆಯೇ ರಂಧ್ರ ಬಿದ್ದಿದೆ. ಆಂಧ್ರದ ಎರ್ರಗುಡಿಯಲ್ಲಿ ಇದೇ ಜಟಿಂಗ ರಾಮೇಶ್ವರದ ವರ್ಗಕ್ಕೆ ಸೇರಿದ ಶಾಸನದ ಕೆಲವು ಸಾಲುಗಳು ಎಡದಿಂದ ಬಲಕ್ಕೂ ಕೆಲವು ಬಲದಿಂದ ಎಡಕ್ಕೂ ಸಾಗುತ್ತವೆ. ಮಸ್ಕಿಯ ಪ್ರತಿಯಲ್ಲಿ ದೊರೆಯ ಹೆಸರು ಅಶೋಕ ಎಂದು ಬಂದಿದೆ, ಬ್ರಹ್ಮಗಿರಿಯಲ್ಲಿ ಬಿರುದು ಮಾತ್ರ ಇದೆ. ಇಷ್ಟು ಭೇದಗಳ ನಡುವೆಯೂ ತಂದೆತಾಯಿಯರ ಸೇವೆ, ಪ್ರಾಣಿದಯೆ, ಸತ್ಯ, ಗುರುಗೌರವ ಎಂಬ ಬೋಧೆ ಬ್ರಹ್ಮಗಿರಿಯಿಂದ ಎರ್ರಗುಡಿಯವರೆಗೆ ಗುರುತು ತಪ್ಪದೆ ಉಳಿದಿದೆ. ಜಟಿಂಗ ರಾಮೇಶ್ವರದಲ್ಲಿ ಅಳಿದುಹೋದ ಸಾಲುಗಳನ್ನು ವಿದ್ವಾಂಸರು ಊಹಿಸಲು ಸಾಧ್ಯವಾದದ್ದು ಬ್ರಹ್ಮಗಿರಿ ಮತ್ತು ಸಿದ್ದಾಪುರದ ಪ್ರತಿಗಳು ಪಕ್ಕದಲ್ಲೇ ಇದ್ದುದರಿಂದ. ಹೀಗಾಗಿ ಒಂದು ಗ್ರಂಥವನ್ನು ಒಂದೇ ಕಡತರೂಪಕ್ಕೆ, ಒಂದೇ ಸಂಸ್ಥೆಯ ಸಾಧನಕ್ಕೆ ಕಟ್ಟಿಹಾಕುವುದು ಧರ್ಮಗ್ರಂಥಗಳ ವಿಷಯದಲ್ಲಿ ಅವಿವೇಕವೆಂದೇ ಹೇಳಬೇಕಾಗುತ್ತದೆ.

ಅಳಿದ ಅಕ್ಷರಗಳನ್ನು ತುಂಬುವಾಗ ಶಾಸನಸಂಪಾದಕರು ಆ ಭಾಗವನ್ನು ಕಂಸದೊಳಗಿಟ್ಟು, ಇದು ಬಂಡೆಯದಲ್ಲ, ಊಹೆಯದು ಎಂದು ತಿಳಿಸುತ್ತಾರೆ. ಇ-ರೀಡರಿಗೂ ಈ ಶೀಲ ಬೇಕು. ೨೦೦೫ರಲ್ಲಿ ಖರೋಷ್ಠೀ ಲಿಪಿಯೂ ೨೦೧೦ರಲ್ಲಿ ಬ್ರಾಹ್ಮೀ ಲಿಪಿಯೂ ಯೂನಿಕೋಡ್‌ಗೆ ಸೇರಿರುವುದರಿಂದ, ಜಟಿಂಗ ರಾಮೇಶ್ವರದ ಶಾಸನವನ್ನು ಅದರದೇ ಲಿಪಿಗಳಲ್ಲಿ ಒಂದು ಇಪಬ್ ಕಡತದಲ್ಲಿ ಇಡುವುದು ಇಂದು ಸಾಧ್ಯ. ಎರಡೂ ಲಿಪಿಗಳು ಬೇಕಾಗುವುದಕ್ಕೆ ಕಾರಣ ಶಾಸನದ ಕೊನೆಯಲ್ಲಿದೆ: ಇದನ್ನು ಬರೆದ ಚಪಡ ಎಂಬವನು ತನ್ನ ಹೆಸರನ್ನು ಬ್ರಾಹ್ಮಿಯಲ್ಲಿ ಬರೆದು, ತಾನು ಲಿಪಿಕಾರನೆಂಬ ಒಂದು ಪದವನ್ನು ಮಾತ್ರ ವಾಯವ್ಯ ಭಾರತದಲ್ಲಿ ಬಳಕೆಯಲ್ಲಿದ್ದ, ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಕಡತದ ಜೊತೆಗೆ ಆ ಲಿಪಿಗಳ ಫಾಂಟ್‌ಗಳನ್ನು ಇರಿಸದಿದ್ದರೆ ಹೆಚ್ಚಿನ ಸಾಧನಗಳು ಖಾಲಿ ಚೌಕಗಳನ್ನು ತೋರಿಸುತ್ತವೆ. ಆ ಚೌಕ ಅಂದಗೇಡಿಯಾದರೂ ಸತ್ಯವಂತ: ಇಲ್ಲೊಂದು ಅಕ್ಷರವಿದೆ, ಅದನ್ನು ತೋರಿಸುವ ಶಕ್ತಿ ನನಗಿಲ್ಲ ಎಂದು ಅದು ಹೇಳುತ್ತದೆ. ಪರಿವರ್ತನೆಯ ದಾರಿಯಲ್ಲಿ ಗೊತ್ತಾಗದ ಅಕ್ಷರವನ್ನು ಸದ್ದಿಲ್ಲದೆ ಬಿಟ್ಟುಬಿಡುವ, ಅಥವಾ ಬೇರೊಂದನ್ನು ಅದರ ಜಾಗದಲ್ಲಿ ಕೂಡಿಸುವ ತಂತ್ರಾಂಶ ಹಾಗೆ ಹೇಳುವುದಿಲ್ಲ. ಸ್ಕ್ಯಾನ್ ಮಾಡಿದ ಪುಟವನ್ನು ಯಂತ್ರವೇ ಓದಿ ಪಠ್ಯವಾಗಿಸುವಾಗ ಅಲ್ಪಪ್ರಾಣ ಮಹಾಪ್ರಾಣಗಳು ಅದಲುಬದಲಾದರೆ ಓದುಗನಿಗೆ ತಪ್ಪು ನಡೆದಿದೆ ಎಂಬ ಸುಳಿವೇ ಸಿಗುವುದಿಲ್ಲ, ಮತ್ತು ಮಂತ್ರವೋ ಸೂತ್ರವೋ ಆದ ಪಾಠದಲ್ಲಿ ಅದು ಸಣ್ಣ ತಪ್ಪಲ್ಲ. ವೇದಪಾಠಿಗಳು ಒಂದೇ ಮಂತ್ರವನ್ನು ಪದ, ಕ್ರಮ, ಜಟಾ, ಘನ ಎಂದು ಹಲವು ಜೋಡಣೆಗಳಲ್ಲಿ ಒಪ್ಪಿಸಿದ್ದು, ಒಂದರಲ್ಲಿ ನುಸುಳಿದ ತಪ್ಪು ಇನ್ನೊಂದರಲ್ಲಿ ಸಿಕ್ಕಿಬೀಳಲಿ ಎಂಬ ಎಚ್ಚರದಿಂದ.

ಚಪಡ ತನ್ನ ಹೆಸರನ್ನು ಬರೆದದ್ದನ್ನು ವಿದ್ವಾಂಸರು ಸಾಮಾನ್ಯವಾಗಿ ಲಿಪಿಕಾರರ ಸಂಚಾರಕ್ಕೆ ಸಾಕ್ಷಿಯಾಗಿ ನೋಡುತ್ತಾರೆ. ಅದರಲ್ಲಿ ಹೊಣೆಯ ಅಂಗೀಕಾರವೂ ಇದೆ, ಏಕೆಂದರೆ ಬರೆದವನ ತಪ್ಪಿನಿಂದ ಧರ್ಮಲಿಪಿ ಕೆಡಬಹುದೆಂದು ನಂಬಿದ್ದ ಆಡಳಿತದಲ್ಲಿ ಹೆಸರು ಬರೆಯುವುದೆಂದರೆ ತಪ್ಪಿಗೆ ತಲೆಗೊಡುವುದೂ ಹೌದು. ಇಂದಿನ ಇ-ಪುಸ್ತಕ ಓದುಗನನ್ನು ಮುಟ್ಟುವ ಮುನ್ನ ಟೈಪು ಮಾಡಿದವರು, ಹಳೆಯ ಸಂಕೇತಗಳಿಂದ ಯೂನಿಕೋಡಿಗೆ ತಿರುಗಿಸಿದವರು, ಕಡತ ಕಟ್ಟಿದವರು, ಅದನ್ನು ಇನ್ನೊಂದು ರೂಪಕ್ಕೆ ಪರಿವರ್ತಿಸಿದ ತಂತ್ರಾಂಶ ಹೀಗೆ ಹಲವು ಕೈಗಳನ್ನು ದಾಟಿರುತ್ತದೆ. ಲೇಖಕ ಮತ್ತು ಪ್ರಕಾಶಕರ ಹೆಸರಷ್ಟೇ ಮುಖಪುಟದಲ್ಲಿ ಇರುತ್ತದೆ. ಆದರೆ ಇಪಬ್‌ನ ಒಳಗೆ ಗ್ರಂಥದ ವಿವರಗಳನ್ನು ದಾಖಲಿಸುವ ಭಾಗದಲ್ಲಿ ಆಧಾರಪ್ರತಿ, ದಿನಾಂಕ, ಸಹಭಾಗಿಗಳ ಹೆಸರು ಮತ್ತು ಅವರವರ ಪಾತ್ರ ಎಲ್ಲಕ್ಕೂ ಸ್ಥಳವಿದೆ, ಆ ಪಾತ್ರಗಳಿಗಾಗಿ ಗ್ರಂಥಾಲಯಶಾಸ್ತ್ರದವರು ರೂಪಿಸಿದ ಸಂಕೇತಪಟ್ಟಿಯಲ್ಲಿ ಲಿಪಿಕಾರನಿಗೂ ಒಂದು ಪ್ರತ್ಯೇಕ ಸಂಕೇತವಿದೆ. ವಚನ, ಪುರಾಣ, ದರ್ಶನಗ್ರಂಥಗಳನ್ನು ಇ-ಪುಸ್ತಕವಾಗಿಸುವ ಮಠಗಳು, ವಿಶ್ವವಿದ್ಯಾಲಯಗಳು, ಪ್ರಕಾಶಕರು ಆ ಭಾಗವನ್ನು ಪೂರ್ತಿಯಾಗಿ ತುಂಬಬೇಕು, ಮತ್ತು ಹಾಗೆ ತುಂಬಿದ ಕಡತವನ್ನು ಮಾತ್ರ ಉಲ್ಲೇಖಕ್ಕೆ ಅರ್ಹವಾದ ಪ್ರತಿಯೆಂದು ಗ್ರಂಥಾಲಯಗಳು ಅಂಗೀಕರಿಸಬೇಕು.